ತೋರಿಸೋ ಟಗರು

ನಾನು ಅನುಮಾನದ ಮನುಷ್ಯ. ಇದನ್ನು ನನ್ನ ಹೆಂಡತಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು; ಅವಳು ಹೇಳಲು ಕೂತರೆ ಉದಾಹರಣೆಗಳ ಸಮೇತ ಹೇಳುತ್ತಾಳೆ, ಕೇಳುವವರು ಊಟದ ಹೊತ್ತಾದರೂ ಏಳುವುದಿಲ್ಲ. ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಜಗ್ಗಿ ನೋಡಿ, ಓಣಿಯ ತಿರುವಿನವರೆಗೆ ಹೋಗಿ, ಜಗ್ಗಿದ ಜೋರಿಗೇ ಬೀಗ ಕಳಚಿತೇನೋ ಎಂದು ವಾಪಸು ಬಂದು ಮತ್ತೆ ಜಗ್ಗುವವನು. ಡಾಕ್ಟರು ಗುಳಿಗೆ ಬರೆದುಕೊಟ್ಟರೆ ಅವರೂ ಔಷಧ ಅಂಗಡಿಯವನೂ ಬೀಗರೇನೋ ಎಂದು ವಿಚಾರಿಸುತ್ತೇನೆ. ತಪ್ಪು ನನ್ನದಲ್ಲ, ನೌಕರಿಯದು. ಜಮಖಂಡಿಯ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ಕೂದಲು ಬೆಳ್ಳಗಾಗುವವರೆಗೆ ಕೂತೆ. ಒಂದೇ ಬದುವಿನ ಸಲುವಾಗಿ ಎರಡೂ ಕಡೆಯವರು ಒಂದೇ ದೇವರ ಆಣೆ ಇಟ್ಟು, ಒಂದೇ ಸಮನೆ ಕಣ್ಣೀರು ಹಾಕುವುದನ್ನು ಎಷ್ಟು ವರ್ಷ ಅಂತ ನೋಡುವುದು? ಹೀಗಾಗಿ ಯಾರು ಏನು ಹೇಳಿದರೂ ನನ್ನ ಬಾಯಿಂದ ತಾನಾಗಿ ಹೊರಡುವ ಮಾತು ಒಂದೇ: "ಇದರಾಗ ಏನೋ ಐತಿ." ಮೊಮ್ಮಗಳ ನಾಮಕರಣದಲ್ಲಿ ಬೀಗರು ಪ್ರೀತಿಯಿಂದ ಇನ್ನೊಂದು ಹೋಳಿಗೆ ಬಡಿಸಿದಾಗಲೂ ಇದೇ ಮಾತು ಹೊರಟು, ನನ್ನ ಹೆಂಡತಿ ಶಾಂತವ್ವ ಆ ಬೀಗರ ಮುಂದೆ ಇವತ್ತಿಗೂ ತಲೆ ಎತ್ತುವುದಿಲ್ಲ.

ಅನುಮಾನದ ಮನುಷ್ಯನಿಗೆ ಒಂದು ಅನುಕೂಲ ಇದೆ, ಮನೆಗೆ ಜನ ಬರುವುದಿಲ್ಲ. ಮೊದಲು ಬರುತ್ತಿದ್ದರು. "ಏನು ಬಂದದ್ದು?" ಎಂದು ಕೇಳಿದರೆ "ಸುಮ್ಮನ ಬಂದೆವ್ರಿ" ಅನ್ನುತ್ತಿದ್ದರು. ಈ ಕಾಲದಲ್ಲಿ ಸುಮ್ಮನೆ ಯಾರು ಬರುತ್ತಾರೆ? ನಾನು ಅಡ್ಡ ಸವಾಲು ಶುರು ಮಾಡುತ್ತಿದ್ದೆ. ಎರಡನೇ ಸವಾಲಿಗೆ ಅವರಿಗೆ ಎಲ್ಲಿಯೋ ತುರ್ತು ಕೆಲಸ ನೆನಪಾಗುತ್ತಿತ್ತು, ಶಾಂತವ್ವ ತಂದ ಚಹಾ ಅಲ್ಲೇ ಆರುತ್ತಿತ್ತು. ಕಾವಲಿಗೆ ಇರಲಿ ಎಂದು ಮುಧೋಳದಿಂದ ಒಂದು ನಾಯಿಮರಿ ತಂದೆ. ಉದ್ದ ಮೂತಿ, ಸಣ್ಣ ನಡು, ಓಡಲು ಬಿಟ್ಟರೆ ಮೊಲ ನಾಚಬೇಕು. ರಾಜಾ ಎಂದು ಹೆಸರಿಟ್ಟೆ. ದೊಡ್ಡದಾದ ಮೇಲೆ ಅದು ಓಣಿಯ ಎಲ್ಲರ ಮುಂದೆಯೂ ಬಾಲ ಅಲ್ಲಾಡಿಸಲು ಕಲಿಯಿತು. ಗುರ್ ಎನ್ನುವುದು ನನ್ನೊಬ್ಬನಿಗೆ, ಅದೂ ನಾನು ತಡವಾಗಿ ಮನೆಗೆ ಬಂದಾಗ.

ಇಂಥ ನನ್ನನ್ನೂ ನಂಬಿಸಿದ ಮನುಷ್ಯನೆಂದರೆ ಹುನ್ನೂರಿನ ಬೀರಪ್ಪ. ಕುರಿ ಸಾಕುವವನು, ಬೀರೇಶ್ವರನ ಭಕ್ತ, ಹಣೆ ತುಂಬ ದೇವರ ಅರಿಸಿನ, ಅಂದರೆ ಭಂಡಾರ. ಅವನ ಹೊಲದ ವ್ಯಾಜ್ಯ ಕೋರ್ಟಿಗೆ ಬಂದಾಗ ಪರಿಚಯವಾದವನು, ವ್ಯಾಜ್ಯ ಮುಗಿದ ಮೇಲೂ ಬರುವುದನ್ನು ಬಿಡಲಿಲ್ಲ. ನಾನು ಎಷ್ಟು ಅಡ್ಡ ಸವಾಲು ಹಾಕಿದರೂ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ನಗುತ್ತಿದ್ದ. ಅವನ ಹಟ್ಟಿಯಲ್ಲಿ ಕಾಳಗದ ಟಗರು ಇರುತ್ತವೆ. ಕೋರ್ಟಿನವನಾದ್ದರಿಂದ ಆ ವಿಷಯ ಬಂದಾಗ ನಾನು ಕೇಳಿಯೂ ಕೇಳಿಸದವನ ಹಾಗೆ ಇರುತ್ತೇನೆ, ಆದರೆ ಒಂದು ಮಾತೂ ಬಿಡದೆ ಕೇಳಿಸಿಕೊಳ್ಳುತ್ತೇನೆ. ಒಮ್ಮೆ ಅವನೇ ಒಂದು ಗುಟ್ಟು ಹೇಳಿದ.

"ಕಣಕ್ಕ ಇಳಿಯೂ ಮುಂದ ಟಗರು ಯಾರ ಕಣ್ಣಿಗೂ ಬೀಳಬಾರದ್ರಿ ಸಾಹೇಬ್ರ. ಹೊಟ್ಟಿಕಿಚ್ಚಿನ ಮಂದಿ ಇರ್ತಾರ, ದೃಷ್ಟಿ ಹತ್ತತೈತಿ, ಯಾರರ ಕೈಯಾಗಿಂದು ತಿಂದ್ರ ಹೊಟ್ಟಿ ಕೆಡತೈತಿ. ಅದಕ್ಕ ಖರೆ ಟಗರು ಬ್ಯಾರೆ ಯಾರದರ ಮನ್ಯಾಗ ಕಟ್ಟತೇವಿ. ನೋಡಾಕ ಬಂದವರಿಗೆ ಹಟ್ಟ್ಯಾಗ ಬ್ಯಾರೆದ್ದು ನಿಂದ್ರಸತೇವಿ. ಅದಕ್ಕ ತೋರಿಸೋ ಟಗರು ಅಂತೀವಿ. ಮಂದಿ ಬರ್ತಾರ, ಕೊಂಬು ಮುಟ್ಟತಾರ, ಫೋಟೊ ತಗಸ್ತಾರ, ಹೋಗ್ತಾರ."

"ನನಗ ತೋರಸಿದ್ರ ನಾ ಅಲ್ಲೇ ಹಿಡೀತಿದ್ದೆ" ಎಂದೆ.

"ನೀವು ಬಿಡ್ರಿ ಸಾಹೇಬ್ರ, ನಿಮ್ಮದು ಕೋರ್ಟಿನ ಕಣ್ಣು" ಎಂದ ಬೀರಪ್ಪ. ಎಷ್ಟು ವಿನಯದ ಮನುಷ್ಯ ಎಂದುಕೊಂಡೆ.

ಈ ಬೀರಪ್ಪನ ಮಗಳು ಮಾಳವ್ವ. ಸಣ್ಣವಳಿದ್ದಾಗಲೇ ಕ್ರೀಡಾ ವಸತಿ ಶಾಲೆಗೆ ಸೇರಿ ಊರು ಬಿಟ್ಟಿದ್ದಳು, ಜಮಖಂಡಿಯ ನಾವು ಯಾರೂ ನೋಡಿರಲಿಲ್ಲ. ಆ ಮಾಳವ್ವ ದೇಶದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ಶಿಬಿರಕ್ಕೆ ಆಯ್ಕೆಯಾಗಿದ್ದಾಳೆ, ಏಷ್ಯಾದ ದೊಡ್ಡ ಪಂದ್ಯಾವಳಿಗೆ ತಯಾರಿ ನಡೆದಿದೆ, ಅವಳು ಗೋಲು ಕಾಯುವವಳು ಎಂಬ ಸುದ್ದಿ ಪೇಪರಿನಲ್ಲಿ ಬಂತು. ಜೊತೆಗೆ ಒಂದು ಫೋಟೊ. ಚೆಂಡಿಗೆ ಹಾರಿದಾಗ ತೆಗೆದದ್ದು, ಮುಖ ಪೂರಾ ಕೈಗವಸಿನ ಹಿಂದೆ. ಹಿಂದೊಮ್ಮೆಯೂ ಅವಳನ್ನು ಇಂಥದೇ ಶಿಬಿರಕ್ಕೆ ಕರೆದಿದ್ದರಂತೆ. ಹೋಗುವ ಮೊದಲು ಹುನ್ನೂರಿಗೆ ಬಂದಳು. ಓಣಿ ಓಣಿಯವರು ಕರೆದು ಹೋಳಿಗೆ, ಮಾದಲಿ, ಜುನಕದ ವಡೆ ಉಣಿಸಿದರು. ಹೂವಿನ ಹಾರ ಹಾಕಿ ಟ್ರ್ಯಾಕ್ಟರ್ ಮೇಲೆ ನಿಲ್ಲಿಸಿ ಮೆರೆಸಿದರು. ಶಿಬಿರ ಮುಟ್ಟುವ ಹೊತ್ತಿಗೆ ಹೊಟ್ಟೆ ಕೆಟ್ಟು, ಜ್ವರ ಬಂದು, ಪರೀಕ್ಷೆಯ ದಿನ ನಿಲ್ಲಲಿಕ್ಕೂ ಆಗದೆ ಅಳುತ್ತ ತಿರುಗಿ ಬಂದಳು. ಈಗ ಎರಡನೇ ಸಲ ಕರೆ ಬಂದಿದೆ. ನಡುವೆ ಎಂಟು ದಿನ ರಜೆ, ಅದು ಮುಗಿದ ಮೇಲೆ ಕೊನೆಯ ಆಯ್ಕೆ. ಬೀರಪ್ಪ ನಮ್ಮ ಕಟ್ಟೆಯ ಮೇಲೆ ಕೂತು, "ಮೂರನೇ ಸಲ ಯಾರೂ ಕರಿಯೂದಿಲ್ಲರಿ" ಎಂದಾಗ ಅವನ ಕೈಯಲ್ಲಿನ ಎಲೆ ಹಾಗೇ ಉಳಿದಿತ್ತು. ಅವನು ಎಲೆ ಮರೆತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮರುದಿನ ಮುಂಜಾನೆ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ, ಮರದಂಥ ತೋಳು, ಬೆರಳುಗಳಿಗೆ ಬಿಳಿ ಪಟ್ಟಿ.

"ನಮ್ಮ ಅಣ್ಣನ ಮಗಳ್ರಿ, ಸಿದ್ದವ್ವ. ಪರೀಕ್ಷಾ ಬಂದಾವು. ಮಾಳವ್ವನ್ನ ನೋಡಾಕ ಹಟ್ಟಿ ತುಂಬ ಮಂದಿ, ಓದಾಕ ಆಗವಲ್ದು. ನಿಮ್ಮ ಮ್ಯಾಲಿನ ಖೋಲ್ಯಾಗ ಎಂಟು ದಿನ ಇರಲ್ರಿ ಸಾಹೇಬ್ರ."

ನಾನು "ಯಾವ ಪರೀಕ್ಷಾ?" ಎನ್ನುವಷ್ಟರಲ್ಲಿ ಶಾಂತವ್ವ ಅವಳ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿಯೇಬಿಟ್ಟಿದ್ದಳು. ಚೀಲ ಎತ್ತುವಾಗ ಭುಜ ಹಿಡಿಯಲಿಲ್ಲ. ವರ್ಷಾನುಗಟ್ಟಲೆ ಭುಜನೋವು ಎಂದು ನನ್ನಿಂದ ಕೊಡ ಎತ್ತಿಸುವ ಹೆಂಗಸು! ಇದರಾಗ ಏನೋ ಐತಿ ಎಂದುಕೊಂಡೆ.

ಅವತ್ತಿನಿಂದ ನನ್ನ ಮನೆಯಲ್ಲಿ ನನಗೆ ತಿಳಿಯದ ಏನೋ ನಡೆಯತೊಡಗಿತು. ಹುಡುಗಿ ಪುಸ್ತಕ ಮುಟ್ಟಿದ್ದು ನಾನು ಕಾಣೆ. ನಸುಕಿನಲ್ಲೇ ಹಿತ್ತಲ ಬಾಗಿಲು ಕಿರ್ ಎನ್ನುತ್ತಿತ್ತು. ಏಳುವ ಹೊತ್ತಿಗೆ ರಾಜಾನೂ ಇರುತ್ತಿರಲಿಲ್ಲ; ಆಮೇಲೆ ನಾಲಿಗೆ ಇಳಿಬಿಟ್ಟುಕೊಂಡು ಬಂದು ಧೊಪ್ಪೆಂದು ಬೀಳುತ್ತಿತ್ತು. ಮುಧೋಳದ ನಾಯಿಯನ್ನು ದಣಿಸುವಂಥ ಓದು ಯಾವುದು? ಮೇಲಿನ ಮಾಳಿಗೆಯಿಂದ ದಿನಾ ಬಿಸಿಲೇರುವ ಹೊತ್ತಿಗೆ ಧಡ್, ಧಡ್ ಎಂಬ ಸಪ್ಪಳ. "ಏನದು?" ಎಂದು ಕೂಗಿದರೆ ಶಾಂತವ್ವ ಮೇಲಿನಿಂದಲೇ, "ಸಂಡಿಗಿ ಇಡಾಕತ್ತೇನ್ರಿ" ಅನ್ನುತ್ತಿದ್ದಳು. ನಾನು ಸಂಡಿಗೆ ತಿಂದು ಬೆಳೆದವನು. ಸಂಡಿಗೆ ಇಟ್ಟರೆ ಸಪ್ಪಳ ಆಗುವುದಿಲ್ಲ. ಮೇಲೆ ಹೋಗಿ ನೋಡೋಣವೆಂದರೆ ಮಾಳಿಗೆಯ ಬಾಗಿಲಿಗೆ ಒಳಗಿನಿಂದ ಅಗಳಿ. "ಕಾಗಿ ಬರತಾವ್ರಿ" ಎಂಬ ಉತ್ತರ. ಕಾಗೆ ಮೆಟ್ಟಿಲು ಹತ್ತಿ ಬರುವುದನ್ನು ನೀವಾದರೂ ಕಂಡಿದ್ದೀರಾ?

ಅಷ್ಟಾದರೆ ಹೋಗಲಿ ಎನ್ನಬಹುದಿತ್ತು. ಒಂದು ದಿನ ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಮಣ್ಣು ಕೆದರುವಾಗ ತತ್ತಿಯ ಸಿಪ್ಪೆ ಸಿಕ್ಕವು. ಲಿಂಗವಂತರ ಮನೆಯ ಹಿತ್ತಲಲ್ಲಿ ತತ್ತಿಯ ಸಿಪ್ಪೆ! ನನ್ನ ಕೊರಳಲ್ಲಿನ ಲಿಂಗವೇ ಬೆಚ್ಚಿತೆನಿಸಿತು. ಅಂಗೈಯಲ್ಲಿ ಇಟ್ಟುಕೊಂಡು ಹೋಗಿ ಶಾಂತವ್ವನ ಮುಂದೆ ಹಿಡಿದೆ.

"ಬಾಜೂ ಮನಿ ಕೋಳಿ ಬಂದು ಇಟ್ಟು ಹೋಗಿರಬೇಕ್ರಿ" ಎಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ಕುದಿಸಿ, ಸುಲದು, ಮಣ್ಣಾಗ ಮುಚ್ಚಿ ಹೋತೇನು?"

"ಈಗಿನ ಕೋಳಿ ಭಾಳ ಶಾಣ್ಯಾ ಆಗ್ಯಾವು" ಎಂದಳು. ರೊಟ್ಟಿಯ ಸಪ್ಪಳ ಇನ್ನೂ ಜೋರಾಯಿತು.

ಹುಡುಗಿಯನ್ನೇ ಹಿಡಿಯೋಣವೆಂದು ಕಟ್ಟೆಯ ಮೇಲೆ ಕೂಡಿಸಿಕೊಂಡೆ. ಯಾವ ಪರೀಕ್ಷೆ ಎಂದರೆ, "ದೊಡ್ಡದೈತ್ರಿ ಕಾಕಾ, ಇಡೀ ದೇಶದ ಹುಡುಗ್ಯಾರು ಬರ್ತಾರ" ಎಂದಳು. ತಯಾರಿ ಹೇಗಿದೆ ಎಂದರೆ, "ಬಲಗಡೆ ಛಲೋ ಐತ್ರಿ, ಎಡಗಡೆ ಸ್ವಲ್ಪ ಕಮ್ಮಿ" ಎಂದಳು. ಪುಸ್ತಕದ ಎಡಗಡೆಯ ಪುಟ ಮಾತ್ರ ಓದದವರನ್ನು ನಾನು ಅದೇ ಮೊದಲು ಕಂಡದ್ದು. ಇದು ಎರಡನೇ ಸಲ ಎಂದೂ ಬಾಯಿ ಬಿಟ್ಟಳು. ಹಿಂದಿನ ಸಲ ನಾಪಾಸಾದದ್ದು ಯಾಕೆ ಎಂದು ಕೇಳಿದಾಗ ಮಾತ್ರ ಅವಳ ನಗು ನಿಂತಿತು. ಪಟ್ಟಿ ಸುತ್ತಿದ ಬೆರಳು ನೋಡಿಕೊಳ್ಳುತ್ತ, "ಎಲ್ಲಾರೂ ಪ್ರೀತಿ ಮಾಡಿದ್ರರಿ ಕಾಕಾ, ಅದಕ್ಕ" ಎಂದು ಎದ್ದು ಹೋದಳು. ನಾನು ತಿಳಿದುಕೊಂಡೆ. ಪ್ರೀತಿ! ಅಂದರೆ ಯಾವನೋ ಹುಡುಗ ಇದ್ದಾನೆ. ನಸುಕಿನಲ್ಲಿ ಹೋಗುವುದು ಅವನನ್ನು ಕಾಣಲಿಕ್ಕೆ. ಬೀರಪ್ಪನಂಥ ಪಾಪದ ಮನುಷ್ಯನಿಗೆ ಇವರೆಲ್ಲ ಕೂಡಿ ಮೋಸ ಮಾಡುತ್ತಿದ್ದಾರೆ, ಅದರಲ್ಲಿ ನನ್ನ ಹೆಂಡತಿಯ ಕೈಯೂ ಇದೆ ಎಂದು ಕೊರಗು ಹತ್ತಿತು.

ಇದರ ನಡುವೆ ನಮ್ಮ ಮುಂಜಾನೆಯ ತಿರುಗಾಟದ ಗೆಳೆಯರು ಮಾಳವ್ವನ ಸತ್ಕಾರಕ್ಕೆ ಹೊರಟರು. ಮುಂದಾಳು ಗುರುಪಾದಪ್ಪ, ಬನಹಟ್ಟಿಯ ಸೀರೆ ವ್ಯಾಪಾರಿ, ಯಾವ ಸತ್ಕಾರಕ್ಕೂ ತನ್ನ ಅಂಗಡಿಯದೇ ಸೀರೆ ಹಿಡಿದು ಹೊರಡುವವನು. ಹುನ್ನೂರಿನ ಹಟ್ಟಿಯ ಮುಂದೆ ಬೀಳಗಿ, ಮುಧೋಳದ ಕಡೆಯ ಜನವೆಲ್ಲ ನೆರೆದಿತ್ತು. ಹೊರಸಿನ ಮೇಲೆ ಮಾಳವ್ವ ಕೂತಿದ್ದಳು. ಗುಬ್ಬಿಯಂಥ ಹುಡುಗಿ, ಮೊಣಕಾಲು ದಾಟುವ ನೀಲಿ ಅಂಗಿ, ಕೊರಳ ತುಂಬ ಶಾಲು. ಬಂದವರು ಬಾಯಿಗೆ ಇಟ್ಟ ಪೇಡೆಯನ್ನೆಲ್ಲ ಸಂತೋಷದಿಂದ ತಿನ್ನುತ್ತಿದ್ದಳು. ಗುರುಪಾದಪ್ಪ ಸೀರೆ ಹೊದಿಸಿ ಫೋಟೊ ತೆಗೆಸಿಕೊಂಡ. ನಾನು ನನ್ನ ಕೋರ್ಟಿನ ಕಣ್ಣು ಕಿರಿದು ಮಾಡಿ ಕೇಳಿದೆ:

"ಗೋಲಿನ ಕಂಬ ಎಷ್ಟು ಎತ್ತರ ಇರತೈತವಾ?"

ಹುಡುಗಿ ಬೀರಪ್ಪನ ಮುಖ ನೋಡಿದಳು. "ಭಾಳ ಎತ್ತರ ಇರತೈತ್ರಿ" ಎಂದಳು. ಸುತ್ತ ನಿಂತ ಹುನ್ನೂರಿನವರೆಲ್ಲ "ಹೌದ್ಹೌದು, ಭಾಳ ಎತ್ತರ" ಎಂದು ಗೋಣು ಹಾಕಿದರು. ಬೀರಪ್ಪ ಆಕಾಶ ನೋಡಿದ.

ತಿರುಗಿ ಬರುವಾಗ ಗುರುಪಾದಪ್ಪನಿಗೆ ಹೇಳಿದೆ: "ಇದರಾಗ ಏನೋ ಐತಿ. ಈ ಪೋರಿ ಗೋಲು ಕಾಯೂದಂದ್ರ? ಇಂಥಾಕಿನ್ನ ಆರಿಸಿದ್ದಾರಂದ್ರ ಮ್ಯಾಲೆ ಯಾರೋ ದೊಡ್ಡವರ ಕೈ ಆಡೇತಿ." ಗುರುಪಾದಪ್ಪ ಕೈ ಮುಗಿದು, "ಶಿರಸ್ತೇದಾರ್ರ, ಒಂದ ದಿನ ಆದ್ರೂ ಏನರ ಒಂದು ನಂಬ್ರೆಪಾ" ಎಂದ. ಓದುಗರೇ, ನೀವು ಇಷ್ಟು ಹೊತ್ತಿಗೆ ನಗುತ್ತಿರಬಹುದು. ಟಗರಿನ ಗುಟ್ಟು ನನಗೆ ಗೊತ್ತಿತ್ತು. ಗುಬ್ಬಿಯ ಮೇಲೆಯೂ ಅನುಮಾನ ಇತ್ತು, ಮಾಳಿಗೆಯ ಮೇಲಿನ ಎತ್ತರದ ಹುಡುಗಿಯ ಮೇಲೆಯೂ ಅನುಮಾನ ಇತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಇರಲಿಲ್ಲ. ಎಲ್ಲದರ ಮೇಲೂ ಅನುಮಾನ ಇಟ್ಟುಕೊಂಡವನಿಗೆ ಯಾವುದನ್ನು ಯಾವುದಕ್ಕೆ ಕೂಡಿಸಬೇಕೆಂದೇ ತಿಳಿಯುವುದಿಲ್ಲ.

ಮರುದಿನ ನಸುಕಿನಲ್ಲಿ ಒಂದು ಹಂಚಿಕೆ ಹಾಕಿದೆ. ಹಿತ್ತಲ ಗೋಡೆಯ ಬಾಗಿಲು ಕಿರ್ ಎಂದದ್ದೇ ಎದ್ದು ಹೋಗಿ ಒಳಗಿನಿಂದ ಅಗಳಿ ಹಾಕಿದೆ. ತಿರುಗಿ ಬಂದವಳು ಬಾಗಿಲು ಬಡಿಯಲಿ, ಜೊತೆಗೆ ಯಾರಿದ್ದಾರೆ ನೋಡೇಬಿಡೋಣ! ಯಾರಾದರೂ ಕೇಳಿದರೆ ಬಚ್ಚಲಿಗೆ ಹೊರಟಿದ್ದೆ ಎನ್ನಲು ಕೈಯಲ್ಲಿ ಹಿತ್ತಾಳೆ ತಂಬಿಗೆ ಹಿಡಿದು ಕರಿಬೇವಿನ ಗಿಡದ ಮರೆಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಬಾಗಿಲು ಒಮ್ಮೆ ಅಲುಗಿತು, ನಿಂತಿತು. ಆಮೇಲೆ ಗೋಡೆಯ ಮೇಲಿಂದ ರಾಜಾ ಜಿಗಿದು ಬಂತು. ಅದರ ಬೆನ್ನಿಗೇ, ತಲೆಗೆ ಮುಸುಕಿನ ಟೊಪ್ಪಿಗೆ, ಚಡ್ಡಿ ಹಾಕಿದ ಒಂದು ಉದ್ದನೆಯ ಆಕೃತಿ ಗೋಡೆಯ ಮೇಲೆ ಎದ್ದು ನಿಂತಿತು. ಹುಡುಗನೇ! ಮನೆಗೇ ಬಂದ!

"ಕಳ್ಳ! ಕಳ್ಳ!" ಎಂದು ಕೂಗಿ, ಕೈಯಲ್ಲಿದ್ದ ತಂಬಿಗೆಯನ್ನು ಬೀಸಿ ಒಗೆದೆ.

ತಂಬಿಗೆ ಎಡಕ್ಕೆ ಹೋಯಿತು. ಆಕೃತಿ ಗೋಡೆಯ ಮೇಲಿಂದ ಎಡಕ್ಕೇ ಹಾರಿತು, ಗಾಳಿಯಲ್ಲೇ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿಯಿತು, ಎದೆಗೆ ಅವಚಿಕೊಂಡು ಮಣ್ಣಲ್ಲಿ ಒಂದು ಉರುಳು ಉರುಳಿ ಎದ್ದು ನಿಂತಿತು. ಟೊಪ್ಪಿಗೆ ಸರಿಯಿತು. ನಮ್ಮ ಸಿದ್ದವ್ವ. ಮುಖದ ತುಂಬ ನಗು.

"ತಗೋರಿ ಕಾಕಾ" ಎಂದು ತಂಬಿಗೆ ತಿರುಗಿ ಕೊಟ್ಟಳು.

ಶಾಂತವ್ವ ಮಾಳಿಗೆಯಿಂದ ಬಡಬಡ ಇಳಿದು ಬಂದಳು. ನನ್ನ ಕಡೆ ನೋಡಲೂ ಇಲ್ಲ. ಹುಡುಗಿಯ ಕೈ ಹಿಡಿದು ಒಂದೊಂದೇ ಬೆರಳು ಮುಟ್ಟಿ, ಮಡಚಿ, ಬಿಡಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಏನ್ರಿ, ಈಕಿ ಬೆರಳು ಮುರದಿದ್ರ ಮುಂದ ಅಲ್ಲಿ ಹೋಗಿ ಯಾರು ನಿಂದ್ರತಿದ್ರು? ದೇಶದ ಗೋಲು ನೀವು ಕಾಯ್ತಿದ್ರೇನು, ಈ ತಂಬಿಗಿ ಹಿಡಕೊಂಡು?"

ದೇಶದ ಗೋಲು ಎಂದದ್ದೇ ನನ್ನ ತಲೆಯಲ್ಲಿ ಒಮ್ಮೆಲೇ ಎಲ್ಲ ಬೆಳಗಾಯಿತು. ಪಟ್ಟಿ ಸುತ್ತಿದ ಬೆರಳು, ತತ್ತಿಯ ಸಿಪ್ಪೆ, ದಣಿದ ನಾಯಿ, ಬೀರಪ್ಪ ನೋಡಿದ ಆಕಾಶ. ಮೊದಲು ಬಂದದ್ದು ನಾಚಿಕೆಯಲ್ಲ, ಹೆದರಿಕೆ. ಆ ತಂಬಿಗೆ ಅಜ್ಜನ ಕಾಲದ ದಪ್ಪ ಹಿತ್ತಾಳೆಯದು. ಒಂದು ಬೆರಳಿಗೆ ಬಡಿದಿದ್ದರೆ ಸಾಕಿತ್ತು. ಹಿಂದಿನ ಸಲ ಊರವರ ಪ್ರೀತಿ ಕೆಡಿಸಿದ್ದನ್ನು ಈ ಸಲ ನನ್ನ ಅನುಮಾನ ಕೆಡಿಸುತ್ತಿತ್ತು. ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅಷ್ಟಾದರೂ ಬಾಯಿ ಸುಮ್ಮನಿರಬೇಕಲ್ಲ!

"ಹಂಗಾದ್ರ ಹುನ್ನೂರಾಗ ಪೇಡೆ ತಿನ್ನಾಕತ್ತಾಕಿ ಯಾರು?"

"ಆಕೀನ ಖರೆ ಸಿದ್ದವ್ವ. ಆಕಿಗೆ ಯಾವ ಪರೀಕ್ಷಾನೂ ಇಲ್ಲ, ಎಷ್ಟರ ತಿನ್ನಲಿ" ಎಂದಳು ಶಾಂತವ್ವ.

ಮಾಳಿಗೆಯ ಸಂಡಿಗೆಯ ಗುಟ್ಟೂ ಅವತ್ತೇ ಹೊರಬಿತ್ತು. ಶಾಂತವ್ವ ಅನಗವಾಡಿಯವಳು. ಹೊಳೆಯ ದಂಡೆಯ ಜೋಳದ ಹೊಲದಲ್ಲಿ ಮಂಚಿಕೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸಿದ ಕೈ ಅದು. ಆ ಕೈಯಿಂದ ದಿನಾ ಚೆಂಡು ಒಗೆಯುತ್ತಿದ್ದಳಂತೆ, ಮಾಳವ್ವ ಹಾರಿ ಹಾರಿ ಹಿಡಿಯುತ್ತಿದ್ದಳಂತೆ. ಭುಜನೋವು ಎಲ್ಲಿ ಹೋಯಿತು ಎಂದು ಕೇಳಬೇಕೆಂದಿದ್ದೆ, ಆ ದಿನ ಆ ಸವಾಲು ಬೇಡವೆನಿಸಿತು. ಮಾಳವ್ವನೇ ಹತ್ತಿರ ಬಂದು, "ಕಾಕಾ, ನೀವೂ ಒಗೀರಿ. ಕಾಕೂ ಒಗದದ್ದೆಲ್ಲಾ ಬಲಕ್ಕ ಬರತೈತಿ. ನಿಮ್ಮದು ಎಡಕ್ಕ ಹೋಗತೈತಿ, ನನಗ ಅದಽ ಬೇಕಾಗೇತಿ" ಎಂದಳು. ಉಳಿದ ದಿನಗಳಲ್ಲಿ ನಾನೂ ಮಾಳಿಗೆ ಹತ್ತಿದೆ. ನನ್ನ ಕೈ ಸೊಟ್ಟ ಎಂದು ಸಾಲೆಯಲ್ಲಿ ಯಾರೂ ಆಟಕ್ಕೆ ಕರೆದಿರಲಿಲ್ಲ. ಆ ಸೊಟ್ಟ ಕೈ ದೇಶಕ್ಕೆ ಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು? ತತ್ತಿ ಕುದಿಯುವಾಗ ಮಾತ್ರ ನಾನು ಮುಖ ಆ ಕಡೆ ಮಾಡಿ ಕೂಡುತ್ತಿದ್ದೆ.

ತಂಬಿಗೆ ಒಗೆದ ದಿನವೇ ಸಂಜೆ ಬೀರಪ್ಪ ಬಂದ. ನನ್ನ ಅಂಗೈಯಲ್ಲಿ ಭಂಡಾರ ಇಟ್ಟು, ಪಂದ್ಯಾವಳಿ ಮುಗಿಯುವ ತನಕ ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಮಾತು ತೆಗೆದುಕೊಂಡ. ನಾನು ಮಾತು ಕೊಟ್ಟೆ, ಆದರೆ ಒಂದು ವಿಷಯ ಕೊರೆಯುತ್ತಿತ್ತು.

"ಬೀರಪ್ಪ, ಜಮಖಂಡ್ಯಾಗ ಇಷ್ಟು ಮನಿ ಇದ್ದವು. ನನ್ನ ಮನೀನ ಯಾಕ ಆರಿಸಿದಿ? ನನ್ನ ಮ್ಯಾಲೆ ಅಷ್ಟು ವಿಶ್ವಾಸ ಏನು?"

ಬೀರಪ್ಪ ಎಲೆಗೆ ಸುಣ್ಣ ಹಚ್ಚಿದ, ಮಡಚಿದ, ಬಾಯಿಗೆ ಇಟ್ಟುಕೊಂಡ. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಟಗರು ಮುಚ್ಚಿಡಾಕ ನಾವು ಮಂದಿ ಬಾರದ ಮನಿ ಹುಡಕತೇವಿ. ಇಡೀ ಊರು ತಿರುಗಿದ್ನಿ. ನಿಮ್ಮ ಮನಿಯಂಥಾದ್ದು ಇನ್ನೊಂದು ಸಿಗಲಿಲ್ಲ."

ಶಾಂತವ್ವ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ನಾನು ಖಾಲಿ ಕಟ್ಟೆ ನೋಡುತ್ತ ಕೂತೆ. ನನಗೆ ಖರೆಯೇ ಕೆಟ್ಟದೆನಿಸಿತು.

ಮಾಳವ್ವ ಹೋದಳು, ಈ ಸಲ ನೆಟ್ಟಗೆ ನಿಂತಳು, ತಂಡಕ್ಕೆ ಆಯ್ಕೆಯಾದಳು. ಮೊದಲ ಪಂದ್ಯದ ದಿನ ನಾನು ಹುಟ್ಟಿದ ಮೇಲೆ ಮಾಡದ ಕೆಲಸ ಮಾಡಿದೆ: ತಿರುಗಾಟದ ಗೆಳೆಯರನ್ನೆಲ್ಲ ಟೀವಿ ನೋಡಲು ಮನೆಗೆ ಕರೆದೆ. ಯಾಕೆ ಕರೆದಿದ್ದೀರಿ ಎಂದು ಕೇಳಿದರು. "ಸುಮ್ಮನ" ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬಂದರು, ಚೂಡಾ ಚಹಾ ಮುಗಿಸಿದರು. ಅಲ್ಲಿ ಕಂಬಗಳ ನಡುವೆ ನಮ್ಮ ಎತ್ತರದ ಹುಡುಗಿ ನಿಂತಿದ್ದಳು. ಎದುರಿನವಳು ಎಡಕ್ಕೆ ಒದ್ದಳು. ನನ್ನ ಬಲಗೈ ತಾನೇ ಮೇಲೆದ್ದಿತು. ಮಾಳವ್ವ ಎಡಕ್ಕೆ ಹಾರಿದಳು, ಹಿಡಿದಳು, ಎದೆಗೆ ಅವಚಿಕೊಂಡು ಒಂದು ಉರುಳು ಉರುಳಿದಳು. ಒಳಗಿನಿಂದ ಶಾಂತವ್ವ ಕೂಗಿದ ಕೂಗಿಗೆ ರಾಜಾ ಎದ್ದು ಬೊಗಳಿತು. ನನ್ನ ಕಣ್ಣು ಒದ್ದೆಯಾಗಿದ್ದವು, ಒರೆಸಿಕೊಳ್ಳಲಿಲ್ಲ.

ಗುರುಪಾದಪ್ಪ ಮಾತ್ರ ಮೊಬೈಲಿನಲ್ಲಿದ್ದ ತನ್ನ ಫೋಟೊ ಒಮ್ಮೆ, ಟೀವಿ ಒಮ್ಮೆ ನೋಡುತ್ತಿದ್ದ. "ಈಕಿ ಅಲ್ಲರಿ! ಖರೆ ಮಾಳವ್ವಗ ನನ್ನ ಕೈಯಾರೆ ಸೀರಿ ಹೊದಿಸೇನಿ. ಇಷ್ಟೇ ಇದ್ಲು. ಇಲ್ಲೆ ಯಾರನ್ನೋ ತಂದು ನಿಂದ್ರಿಸ್ಯಾರ."

"ಅಂಗಿ ಮ್ಯಾಲೆ ಹೆಸರೈತಲ್ಲೋ" ಎಂದೆ.

"ಅಂಗಿ ಮ್ಯಾಲೆ ಹೆಸರು ಬರದ್ರ ಆತೇನ್ರಿ?" ಎಲ್ಲರೂ ಹೌದೆಂದರು. ಎಲ್ಲರ ಮೊಬೈಲಿನಲ್ಲೂ ಗುಬ್ಬಿ ಇತ್ತು. ಅವತ್ತು ಭಂಡಾರ ಹಿಡಿದು ಮಾತು ಕೊಟ್ಟ ಅಂಗೈ ನನಗೆ ತುರಿಸತೊಡಗಿತು, ಮುಷ್ಟಿ ಬಿಗಿ ಹಿಡಿದೆ. ಸತ್ಯ ಗೊತ್ತಿದ್ದೂ ಹೇಳಲಾಗದೆ ಕೂಡುವುದು ಎಷ್ಟು ಕಷ್ಟವೆಂದು, ಕೋರ್ಟಿನಲ್ಲಿ ಕೂತಷ್ಟು ದಿನವೂ ನನಗೆ ತಿಳಿದಿರಲಿಲ್ಲ. ಕೊನೆಗೆ ಆದಷ್ಟು ಮೆತ್ತಗೆ, "ಆಕೀನ ಅದಾಳ, ನಂಬ್ರೆಪಾ. ಎಲ್ಲಾದಕ್ಕೂ ಅನುಮಾನ ಪಡಬಾರದು" ಎಂದೆ.

ಗುರುಪಾದಪ್ಪ ಚಹಾದ ಕಪ್ಪು ಕೆಳಗಿಟ್ಟ, ಕಣ್ಣು ಕಿರಿದು ಮಾಡಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ, ಆಮೇಲೆ ಉಳಿದವರ ಕಡೆ ತಿರುಗಿ ಮೆಲ್ಲಗೆ ಹೇಳಿದ:

"ಶಿರಸ್ತೇದಾರ್ರು ನಂಬಾಕತ್ತಾರಂದ್ರ, ಇದರಾಗ ಏನೋ ಐತಿ."